ನೈರೋಬಿಯಲ್ಲಿ ಗೋದಾವರಿಯ ದಕ್ಷಿಣ ದಡ

ನೈರೋಬಿಯ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಭೂಗೋಳ ಪಾಠ ಮಾಡಿದವಳು ನಾನು. ಮಾರಿಷಸ್ಸಿಗೆ ನಾನು ಕೊಡುತ್ತಿದ್ದದ್ದು ಒಟ್ಟು ಎರಡು ವಾಕ್ಯ. ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪ. ಕಬ್ಬು ಬೆಳೆಯುತ್ತಾರೆ. ಅಷ್ಟು ಪುಟ್ಟ ದೇಶಕ್ಕೆ ಅಷ್ಟು ಸಾಕು ಅನ್ನೋದು ನನ್ನ ಘನವಾದ ಅಭಿಪ್ರಾಯ. ಹೋದ ವರ್ಷ ಮಗಳು, ತಾನು ಮದುವೆಯಾಗೋ ಹುಡುಗ ಅಲ್ಲಿಯವನು ಅಂದಳು. ಇಬ್ಬರಿಗೂ ಇಲ್ಲೇ ನೈರೋಬಿಯಲ್ಲಿ, ರಿವರ್‌ಸೈಡಿನ ಒಂದೇ ಆಫೀಸಿನಲ್ಲಿ ಕೆಲಸ.

ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರಾಗಿರುವ ನನ್ನ ಗಂಡ ಪೇಪರಿನಿಂದ ತಲೆ ಎತ್ತಿ, "ಅಲ್ಲಿಗೆ ಜನ ಹನಿಮೂನಿಗೆ ಹೋಗ್ತಾರೆ ಕಣೆ, ಗಂಡು ಹುಡುಕೋಕಲ್ಲ," ಅಂದರು. ನಮ್ಮ ಕನ್ನಡ ಬಳಗದ ಗೆಳತಿಯರಂತೂ ಎರಡೇ ದಿನದಲ್ಲಿ ದ್ವೀಪತಜ್ಞೆಯರಾದರು. ಒಬ್ಬಳ ಪ್ರಕಾರ ಅಲ್ಲಿ ಬರೀ ಹೋಟೆಲು, ಇನ್ನೊಬ್ಬಳ ಪ್ರಕಾರ ಬರೀ ಮೀನು. ಅಲ್ಲಿ ಮನುಷ್ಯರೂ ಇದ್ದಾರೆ ಅಂತ ಯಾರಿಗೂ ಹೊಳೆಯಲಿಲ್ಲ, ಭೂಗೋಳದ ಟೀಚರಿಗೂ.

ನನಗಿದ್ದದ್ದು ಒಂದೇ ಆಸೆ. ಇರೋಳು ಒಬ್ಬಳೇ ಮಗಳು, ಅವಳ ಮದುವೆ ಇಲ್ಲೇ, ನಮ್ಮ ಕೈಯಾರೆ ಆಗಬೇಕು. ಹುಡುಗನ ತಾಯಿ ಮಾತುಕತೆಗೆ ಬರುವುದಾಯಿತು. ಶನಿವಾರ, ಅವರನ್ನು ಕರೆತರಲು ಏರ್‌ಪೋರ್ಟಿಗೆ ಹೊರಡುವ ಮುಂಚೆ, ಮಗಳು ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು. "ಅಮ್ಮಾ, ಏನು ಬೇಕಾದ್ರೂ ಕೇಳು. ಗೋತ್ರ ಮಾತ್ರ ಕೇಳಬೇಡ. ಅವರ ಹಿರಿಯರು ಕಬ್ಬಿನ ಗದ್ದೆಗೆ ಕೂಲಿಗಳಾಗಿ ಹೋದೋರು. ಇದೊಂದು ನನಗೋಸ್ಕರ."

"ಅಯ್ಯೋ, ನಾನ್ಯಾಕೆ ಕೇಳಲಿ? ನನ್ನನ್ನ ಏನಂದ್ಕೊಂಡಿದೀಯ?" ಅಂದೆ. ನಂಬಿದಳು.

ಭಾನುವಾರ ಹುಡುಗನ ತಾಯಿ ನ್ಗಾರಾದ ನಮ್ಮ ಫ್ಲಾಟಿಗೆ ಬಂದರು. ಹತ್ತಿ ಸೀರೆ, ಕೈಯಲ್ಲಿ ಡಬ್ಬಿ. ಮುಚ್ಚಳ ತೆಗೆದರೆ ಥೇಟ್ ನಮ್ಮ ಹೋಳಿಗೆ. ಬಾಯಿಗಿಟ್ಟರೆ ಬೇಳೆಯ ಹೂರಣವೇನೋ ಇದೆ, ಬೆಲ್ಲದ ಸುಳಿವೇ ಇಲ್ಲ. ಅದನ್ನು ಖಾರದ ಕಾಳುಪಲ್ಯದ ಜೊತೆ ತಿನ್ನುತ್ತಾರಂತೆ. ಹೋಳಿಗೆಗೆ ಹೀಗೂ ಅವಮಾನ ಮಾಡಬಹುದು ಅಂತ ನನಗೆ ಅಂದೇ ತಿಳಿದದ್ದು. ಮೂರು ತಿಂದೆ.

ಆಕೆ ಇಂಗ್ಲಿಷಿನಲ್ಲಿ ತಮ್ಮ ಊರಿನ ಸುದ್ದಿ ಹೇಳಿದರು. ದ್ವೀಪದ ನಡುವಿನ ಎತ್ತರದಲ್ಲಿ ಮಳೆ ಹೊಯ್ಯುತ್ತಿದ್ದರೆ, ಸ್ವಲ್ಪವೇ ದೂರದ ಕಡಲ ದಡದಲ್ಲಿ ಬಿಸಿಲಂತೆ. ಮನೆಯಲ್ಲಿ ಮಾತಾಡೋದು ಕ್ರಿಯೋಲ್, ಪೇಪರ್ ಓದೋದು ಫ್ರೆಂಚಿನಲ್ಲಿ, ಅಜ್ಜಿ ಬೈಯುತ್ತಿದ್ದದ್ದು ಭೋಜಪುರಿಯಲ್ಲಿ. ಶಿವರಾತ್ರಿಗೆ ಜನ ಊರೂರಿನಿಂದ ನಡೆದು ಬೆಟ್ಟದ ಮೇಲಿನ ಕೆರೆಗೆ ಹೋಗುತ್ತಾರಂತೆ. ಆರಿಹೋದ ಜ್ವಾಲಾಮುಖಿಯ ಬಾಯಲ್ಲಿ ನಿಂತ ನೀರು ಅದು. ನನ್ನ ಎರಡು ವಾಕ್ಯಗಳಲ್ಲಿ ಇದು ಯಾವುದೂ ಇರಲಿಲ್ಲ.

ಅಲ್ಲಿಗೇ ಸುಮ್ಮನಿರಬಹುದಿತ್ತು. ನಾಲಿಗೆ ತುರಿಸಿತು. ಗೋತ್ರ ಅನ್ನೋ ಪದ ಎತ್ತದೆ ಗೋತ್ರ ಕೇಳೋ ಜಾಣತನ ನಮ್ಮವರಿಗೆ ಯಾರಾದರೂ ಹೇಳಿಕೊಡಬೇಕೆ? "ಪೂಜೆಗೆ ಕೂತಾಗ ನಿಮ್ಮ ಕಡೆ ಸಂಕಲ್ಪದಲ್ಲಿ ಏನೇನು ಹೇಳ್ತಾರೆ?" ಅಂದೆ. ಸಂಕಲ್ಪ ಅಂದರೆ ಯಾವ ನಾಡಿನಲ್ಲಿ, ಯಾವ ನದಿಯ ದಡದಲ್ಲಿ, ಯಾವ ಗೋತ್ರದವರು ಕೂತಿದ್ದೇವೆ ಅಂತ ದೇವರಿಗೆ ವಿಳಾಸ ಕೊಡೋದು. ಮಗಳು ಕಾಫಿ ಲೋಟ ಕೆಳಗಿಟ್ಟಳು.

"ನಮ್ಮ ದ್ವೀಪದ ಹೆಸರು ಹೇಳ್ತೀವಿ, ಆ ಕೆರೆಯ ಹೆಸರು ಹೇಳ್ತೀವಿ," ಅಂದರು ಆಕೆ. "ಗೋತ್ರ ಕಾಶ್ಯಪ. ಗೊತ್ತಿಲ್ಲದವರೆಲ್ಲ ಕಾಶ್ಯಪರೇ ತಾನೆ? ನಮ್ಮ ಹಿರಿಯ ಹಡಗಿನಿಂದ ಇಳಿದಾಗ ಗುಮಾಸ್ತ ಬರೆದುಕೊಂಡದ್ದು ಅವನ ಎತ್ತರ, ಮೊಣಕಾಲಿನ ಗಾಯದ ಗುರುತು. ಗೋತ್ರ ಯಾರೂ ಕೇಳಲಿಲ್ಲ. ನೀವು ನೈರೋಬಿ ಅಂತ ಹೇಳ್ತೀರಲ್ವಾ?"

ಹೇಳುವುದಿಲ್ಲ. ಇಷ್ಟು ವರ್ಷ, ಪ್ರತಿ ಹಬ್ಬಕ್ಕೂ, ಇದೇ ಫ್ಲಾಟಿನಲ್ಲಿ ಕೂತು, ನಾವು ಗೋದಾವರಿಯ ದಕ್ಷಿಣ ದಡದಲ್ಲಿದ್ದೇವೆ ಅಂತ ದೇವರಿಗೆ ಹೇಳುತ್ತಾ ಬಂದಿದ್ದೇವೆ. ಗಂಡ ಮಂತ್ರ ಹೇಳುತ್ತಾರೆ, ಭೂಗೋಳದ ಟೀಚರು ಪಕ್ಕದಲ್ಲಿ ಅಕ್ಷತೆ ಹಿಡಿದು ಭಕ್ತಿಯಿಂದ ತಲೆಯಾಡಿಸುತ್ತಾಳೆ. "ಹೂಂ, ನೈರೋಬಿ ಅಂತಲೇ," ಅಂದುಬಿಟ್ಟೆ.

ಆಕೆ ಹೊರಟ ಮೇಲೆ ಮಗಳು ಕೂಗಾಡುತ್ತಾಳೆ ಅಂತ ಕಾದೆ. ಅವಳು ಲೋಟ ತೊಳೆಯುತ್ತಾ ನಿಂತಿದ್ದಳು.

"ನಿನ್ನೆ ಏರ್‌ಪೋರ್ಟಿನಿಂದ ಬರ್ತಾ ಕೇಳಿದ್ರು, ನಿಮ್ಮಮ್ಮ ಗೋತ್ರ ಕೇಳ್ತಾರಾ ಅಂತ. ನಮ್ಮಮ್ಮ ಅಂಥೋಳಲ್ಲ ಅಂದೆ. ಕೇಳಿದ್ರೂ ಪರವಾಗಿಲ್ಲ, ನನಗೆ ಹೇಳಿ ಅಭ್ಯಾಸ ಇದೆ ಅಂದ್ರು."

ಅವಳು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡಳು.

"ಮದುವೆ ಅವರ ಊರಲ್ಲೇ ಆಗುತ್ತೆ ಅಮ್ಮ. ನೀನೂ ಅಪ್ಪನೂ ಬನ್ನಿ, ಅತಿಥಿಗಳಾಗಿ."