ಅರವತ್ತಮೂರು ಸಹಿಗಳ ಹಾಳೆ

ಪುರಸಭೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಇಪ್ಪತ್ತಾರು ವರ್ಷದಿಂದ ಅವಳು ಗೆರೆಯಕ್ಕ. ಕಚೇರಿಗೆ ಬರುವುದು ಬರೀ ಬಿಳಿ ಹಾಳೆಯ ಪುಸ್ತಕಗಳು. ಅಡಿಪಟ್ಟಿ ಹಿಡಿದು ಕ್ರಮಸಂಖ್ಯೆಗೊಂದು ಮನೆ, ಹೆಸರಿಗೊಂದು, ವಿಳಾಸಕ್ಕೊಂದು, ಸಹಿಗೊಂದು ಎಂದು ಅವಕ್ಕೆ ಗೆರೆ ಎಳೆದು ಕೊಡುವುದು ಅಟೆಂಡರ್ ಆದ ಅವಳ ಕೆಲಸ. ಅಚ್ಚಾದ ಪುಸ್ತಕ ತರಿಸಬೇಕೆಂದು ವರ್ಷವರ್ಷವೂ ಠರಾವು ಪಾಸಾಗುತ್ತದೆ, ವರ್ಷವರ್ಷವೂ ಅದೇ ಬಿಳಿ ಹಾಳೆ ಬರುತ್ತದೆ. ಯಾರ ಷಡ್ಡಕನ ಅಂಗಡಿಯಿಂದ ಬರುತ್ತದೆ ಎಂದು ಕೇಳಿ ಬಾಯಿ ಹೊಲಸು ಮಾಡಿಕೊಳ್ಳಬೇಕಾಗಿಲ್ಲ.

ಅವಳ ಗಂಡ ಪುರಸಭೆಯ ರೋಡ್ ರೋಲರ್ ಓಡಿಸುತ್ತಿದ್ದ. ಅವನು ಸತ್ತ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ನೌಕರಿ ಇದು. ಆ ಅನುಕಂಪವನ್ನು ಹೆಡ್ ಗುಮಾಸ್ತ ಇವತ್ತಿಗೂ ವಾರಕ್ಕೊಮ್ಮೆಯಾದರೂ ಅವಳ ಮುಖಕ್ಕೆ ಹಿಡಿಯುತ್ತಾನೆ. ಈ ಹೆಡ್ ಗುಮಾಸ್ತ ಎಂಥವನೆಂದರೆ, ಹತ್ತೂವರೆಗೆ ಬಂದು, ಕುರ್ಚಿಯ ಬೆನ್ನಿಗೆ ಟವೆಲ್ ಹೊದಿಸಿ, ಕಿರುಬೆರಳಿನ ಉದ್ದ ಉಗುರಿನಿಂದ ಕಿವಿ ಕೆರೆದುಕೊಂಡು, ಅದೇ ಬೆರಳನ್ನು ನಾಲಿಗೆಗೆ ಒತ್ತಿ ಹಾಳೆ ಮಗುಚುವ ಮನುಷ್ಯ. ಅವನು ಮುಟ್ಟಿದ ಪುಸ್ತಕವನ್ನು ಗೆರೆಯಕ್ಕ ಅಂಚು ಹಿಡಿದೇ ಎತ್ತುತ್ತಿದ್ದಳು. ಅವನ ಮೇಲೊಬ್ಬ ಅಧ್ಯಕ್ಷ. ಟೈರ್ ಅಂಗಡಿಯಿಂದ ಎದ್ದು ಬಂದು ಆ ಕುರ್ಚಿಯಲ್ಲಿ ಕೂತವನು. ಬಾಯಿ ತೆರೆದರೆ ‘ಜನಾಭಿಪ್ರಾಯ’ ಎನ್ನುತ್ತಾನೆ, ಜನ ಬಾಯಿ ತೆರೆದರೆ ಗಡಿಯಾರ ನೋಡುತ್ತಾನೆ. ಇವರಿಬ್ಬರ ನಡುವೆ ಚಹಾದ ತಟ್ಟೆ ಹಿಡಿದು ಓಡಾಡಿದ ಗೆರೆಯಕ್ಕನಿಗೆ ಉಳಿದಿದ್ದ ಹೆಮ್ಮೆ ಒಂದೇ. ಅವಳು ಎಳೆದ ಗೆರೆ ಕೂದಲೆಳೆಯಷ್ಟೂ ಡೊಂಕಾಗುತ್ತಿರಲಿಲ್ಲ.

ಕಳೆದ ವರ್ಷ ಅವಳ ಬೀದಿಯ ಹಿಂದಿನ ಖಾಲಿ ಜಾಗದಲ್ಲಿ ಮಕ್ಕಳ ಪಾರ್ಕ್ ಮಾಡುತ್ತೇವೆಂದು ಪುರಸಭೆ ಸಾರ್ವಜನಿಕ ಸಭೆ ಕರೆಯಿತು. ಶಾಲೆಯ ಹಜಾರದ ಗೋಡೆಗೆ ಬಣ್ಣಬಣ್ಣದ ನಕ್ಷೆ ಅಂಟಿಸಿದ್ದರು. ಜಾರುಬಂಡೆ, ಉಯ್ಯಾಲೆ, ಮುದುಕರಿಗೆ ಬೆಂಚು, ಬೆಂಚಿನ ಪಕ್ಕ ಹಸಿರು ಪೆನ್ಸಿಲ್ಲಿನ ಗಿಡ. “ನಿಮ್ಮ ಮಕ್ಕಳು ಬೇರೆ, ನಮ್ಮ ಮಕ್ಕಳು ಬೇರೆನಾ?” ಎಂದು ಅಧ್ಯಕ್ಷ ಕೇಳಿದ. ಜನ ಚಪ್ಪಾಳೆ ತಟ್ಟಿದರು. ಚಹಾ ಬಂತು, ಬೆಣ್ಣೆ ಸವರಿದ ಬನ್ನು ಬಂತು. ಹಾಜರಿ ಪುಸ್ತಕ ಹಿಡಿದು ಸಾಲುಸಾಲಿಗೂ ಹೋದವಳು ಗೆರೆಯಕ್ಕ.

ತನ್ನ ಬೀದಿಯವರೇ ಎಂಬ ಸಲಿಗೆ ಅವಳಿಗೆ. “ಬನ್ ತಿಂದಾಯ್ತಲ್ಲ, ಈಗ ಸಹಿ ಹಾಕಿ. ಬಂದಿದ್ವಿ ಅನ್ನೋದಕ್ಕೆ ಅಷ್ಟೆ” ಎಂದು ಎಲ್ಲರ ಕೈಗೂ ಪೆನ್ನು ತುರುಕಿದಳು. ಮೊದಲ ಸಹಿ ಅವಳ ತಂಗಿಯದು. ಅದೇ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡು ಗಂಡನ ಹಂಗಿಲ್ಲದೆ ಬದುಕುತ್ತಿದ್ದವಳು.

“ಕೈಯೆಲ್ಲ ಬೆಣ್ಣೆ ಆಗಿದೆ ಕಣೇ.”

“ಒರೆಸ್ಕೊಂಡು ಹಾಕು. ನಿನ್ನ ಸಹಿ ಇಲ್ಲದೆ ಪಾರ್ಕ್ ನಿಂತುಹೋದೀತು.”

ನಗುನಗುತ್ತಲೇ ಅರವತ್ತಮೂರು ಸಹಿ ಆದವು. ಹಾಳೆಯ ತಲೆಯಲ್ಲಿ ನಾಲ್ಕು ಸಾಲು ಖಾಲಿ ಇತ್ತು. ಶೀರ್ಷಿಕೆಗೆಂದು ಅಷ್ಟು ಜಾಗ ಬಿಟ್ಟು ಗೆರೆ ಎಳೆಯುವುದು ಅವಳ ಪದ್ಧತಿ; ‘ಇಂಥ ದಿನದ ಸಭೆಗೆ ಹಾಜರಾದವರು’ ಎಂದು ಗುಮಾಸ್ತ ಆಮೇಲೆ ಬರೆದುಕೊಳ್ಳುತ್ತಿದ್ದ. ಇಪ್ಪತ್ತಾರು ವರ್ಷ ಹಾಗೇ ನಡೆದುಕೊಂಡು ಬಂದಿತ್ತು, ಅದರಲ್ಲಿ ಯೋಚಿಸುವಂಥದ್ದು ಏನಿದೆ ಎಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಒಂದು ಸೋಮವಾರ ಪಾರ್ಕಿನ ಜಾಗಕ್ಕೆ ಲಾರಿ ಬಂತು. ಜಾರುಬಂಡೆ ಬಂತೆಂದು ಮಕ್ಕಳು ಓಡಿದವು. ಲಾರಿ ಹಿಂಭಾಗ ಎತ್ತಿ ಇಡೀ ಪಟ್ಟಣದ ಕಸವನ್ನು ಅವುಗಳ ಕಣ್ಣೆದುರೇ ಸುರಿಯಿತು. ಅಲ್ಲಿಯತನಕ ಊರಾಚೆ ಬೀಳುತ್ತಿದ್ದ ಕಸ ಅದು. ಊರಾಚೆ ಈಗ ಅಧ್ಯಕ್ಷನ ಭಾವಮೈದ ನಿವೇಶನ ಮಾರುತ್ತಿದ್ದ, ಕಸದ ವಾಸನೆಗೆ ಗಿರಾಕಿಗಳು ಮೂಗು ಮುಚ್ಚಿಕೊಂಡು ವಾಪಸಾಗುತ್ತಿದ್ದರು. ಮಾರನೆಯ ದಿನ ‘ಆಧುನಿಕ ತ್ಯಾಜ್ಯ ವಿಂಗಡಣಾ ಘಟಕ’ ಎಂಬ ಬೋರ್ಡು ಎದ್ದು ನಿಂತಿತು. ಅಲ್ಲಿ ವಿಂಗಡಣೆ ಮಾಡುತ್ತಿದ್ದದ್ದು ನಾಯಿಗಳು ಮಾತ್ರ.

ಆ ನಾತವನ್ನು ಹೇಗೆ ಹೇಳುವುದು! ಕೋಳಿಯಂಗಡಿಯ ಕರುಳು, ಮಕ್ಕಳ ಡಯಾಪರು, ಆಸ್ಪತ್ರೆಯ ಬ್ಯಾಂಡೇಜು, ಹುಳ ಬಿದ್ದ ಅನ್ನ, ಎಲ್ಲ ಒಟ್ಟಿಗೆ ಕೊಳೆತು ಕಪ್ಪು ರಸವಾಗಿ ಬೀದಿಯ ಚರಂಡಿಗೆ ಇಳಿಯಿತು. ಜನ ಒಂದು ಕೈಯಲ್ಲಿ ತುತ್ತು ಹಿಡಿದು ಇನ್ನೊಂದು ಕೈಯಲ್ಲಿ ನೊಣ ಓಡಿಸಿದರು. ಕುಡಿಯುವ ನೀರಿಗೆ ಬಟ್ಟೆ ಮುಚ್ಚಿದರೆ ಬಟ್ಟೆಯೇ ನೊಣಗಳಿಂದ ಕಪ್ಪಾಗುತ್ತಿತ್ತು. ತಂಗಿಯ ಅಂಗಡಿಯದಂತೂ ಹೇಳತೀರದ ಪಾಡು. ಕಾದ ಇಸ್ತ್ರಿ ತಾಗಿದ ಬಟ್ಟೆ ಆ ವಾಸನೆಯನ್ನು ಹೀರಿಕೊಂಡು ಮಡಿಕೆಮಡಿಕೆಯಲ್ಲೂ ಇಟ್ಟುಕೊಳ್ಳುತ್ತಿತ್ತು. ಕಿಟಕಿ ಬಾಗಿಲು ಜಡಿದು ಆ ಕೆಂಡದಂಥ ಕೋಣೆಯಲ್ಲಿ ಬೆವರು ಸುರಿಸಿ ಇಸ್ತ್ರಿ ಮಾಡಿ ನೋಡಿದಳು, ಹೋಗಲಿಲ್ಲ. ಹಲ್ಲಿನ ಡಾಕ್ಟರು ತನ್ನ ಬಿಳಿ ಕೋಟನ್ನು ಎರಡು ಬೆರಳಲ್ಲಿ ತೂಗಿಸಿಕೊಂಡು ಬಂದು ಮೇಜಿನ ಮೇಲೆ ಹಾಕಿ ಹೋದ. ವಸತಿಗೃಹದವರು ಹಾಸಿಗೆ ಬಟ್ಟೆ ಕಳಿಸುವುದನ್ನು ನಿಲ್ಲಿಸಿದರು. ಹದಿನೈದು ವರ್ಷದ ಗಿರಾಕಿಗಳು ತಿಂಗಳೊಪ್ಪತ್ತಿನಲ್ಲಿ ಚದುರಿದರು.

ತಂಗಿ ಕಚೇರಿಗೆ ಬಂದು ಗುಮಾಸ್ತನ ಮೇಜಿಗೆ ಗುದ್ದಿದಳು. ಅವನು ಎಳ್ಳಷ್ಟೂ ಅಲ್ಲಾಡದೆ ಕಡತ ತೆಗೆದ, ಬೆರಳು ನಾಲಿಗೆಗೆ ಒತ್ತಿ ಹಾಳೆ ಮಗುಚಿದ. “ಈ ಮೊದಲನೇ ಸಹಿ ಯಾರದಮ್ಮಾ?”

ಅವಳದೇ. ಪಕ್ಕದಲ್ಲಿ ಬೆಣ್ಣೆಯ ಕಲೆ ಬೇರೆ. ಮೇಲಿನ ನಾಲ್ಕು ಸಾಲುಗಳಲ್ಲಿ ದುಂಡಗಿನ ಅಕ್ಷರ: ‘ನಮ್ಮ ಬೀದಿಯ ಹಿಂದಿನ ಜಾಗದಲ್ಲಿ ತ್ಯಾಜ್ಯ ಘಟಕ ಸ್ಥಾಪಿಸಲು ಕೆಳಗೆ ಸಹಿ ಮಾಡಿರುವ ನಿವಾಸಿಗಳಾದ ನಮ್ಮದು ಯಾವುದೇ ತಕರಾರು ಇರುವುದಿಲ್ಲ.’ ಅಳತೆ ಮಾಡಿ ಬರೆದಂತೆ ಅದು ಸರಿಯಾಗಿ ನಾಲ್ಕು ಸಾಲಿಗೆ ಮುಗಿದಿತ್ತು.

ಗೆರೆಯಕ್ಕ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ತಂಗಿ ತಿರುಗಿ ನೋಡಿದಳು. “ಪುಸ್ತಕ ಹಿಡ್ಕೊಂಡು ಬಂದೋಳು ನೀನೇ ಅಲ್ವಾ?” ಎಂದಷ್ಟೇ ಹೇಳಿ, ಅವಳ ಹೆಗಲು ತಾಗಿಸಿಕೊಂಡೇ ಹೊರಗೆ ಹೋದಳು.

ಗೆರೆಯಕ್ಕ ಗುಮಾಸ್ತನನ್ನು ಕೇಳಿದಳು. “ಹಾಜರಿ ಹಾಳೆ ಮೇಲೆ ಇದ್ಯಾಕೆ ಬರೆದ್ರಿ ಸಾರ್?” ಅವನು ಹಲ್ಲು ಕಿರಿದ. “ಜಾಗ ಬಿಟ್ಟಿದ್ದು ನೀನು, ತುಂಬಿದ್ದು ನಾನು. ಖಾಲಿ ಬಿಟ್ರೆ ತಪಾಸಣೆಗೆ ಬಂದೋರು ಬಯ್ಯಲ್ವಾ? ನಿನ್ನ ನಿವೃತ್ತಿಗೆ ಎಂಟೇ ತಿಂಗಳು. ಬಾಯಿಗೆ ಬೀಗ ಹಾಕ್ಕೊಂಡು ಚಹಾ ಕೊಡು.” ಅವಳು ಹಿಂದಿನ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಅವನ ಮೇಲಿನ ಹೇಸಿಗೆ ಒಂದು ಕಡೆ. ಅಡಿಪಟ್ಟಿ ಒತ್ತಿ ಒತ್ತಿ ಗಂಟುಕಟ್ಟಿದ್ದ ತನ್ನ ಬೆರಳನ್ನು ಕಂಡರೇ ಅಸಹ್ಯವಾಗುತ್ತಿತ್ತು.

ಆ ವಾರವೇ ಅವಳು ಮೇಲಿನ ಕಚೇರಿಗೆ ಪತ್ರ ಬರೆದಳು. ತಿಂಗಳಾದ ಮೇಲೆ ಒಬ್ಬ ತನಿಖಾಧಿಕಾರಿ ಬಂದ. ತೆಳ್ಳಗಿನ ಆಸಾಮಿ, ಗಳಿಗೆಗೊಮ್ಮೆ ಅಂಗೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳುತ್ತಿದ್ದ. ಸ್ಥಳ ಪರಿಶೀಲನೆಯನ್ನು ಕಾರಿನ ಗಾಜು ಇಳಿಸದೆ ಮುಗಿಸಿಬಂದು, ಅಧ್ಯಕ್ಷ, ಗುಮಾಸ್ತ ಇಬ್ಬರ ಎದುರೇ ಅವಳನ್ನು ಕೇಳಿದ: “ಜನ ಸಹಿ ಹಾಕುವಾಗ ಮೇಲೆ ಇದು ಬರೆದಿತ್ತಾ?”

ಅಧ್ಯಕ್ಷ ಗಡಿಯಾರ ನೋಡಿದ. ಗೆರೆಯಕ್ಕ, “ಇರಲಿಲ್ಲ ಸಾರ್. ಖಾಲಿ ಇತ್ತು. ಬಂದಿದ್ದಕ್ಕೆ ಸಹಿ ಅಂತ ನಾನೇ ಹಾಕಿಸಿದ್ದು” ಎಂದಳು.

“ನಿಮ್ಮೊಬ್ಬರ ಮಾತಿನ ಮೇಲೆ ಅರವತ್ತಮೂರು ಸಹಿ ರದ್ದು ಮಾಡೋಕಾಗಲ್ಲ. ಮುಂದಿನ ಗುರುವಾರ ಬರ್ತೀನಿ. ತಕರಾರು ಇದ್ದೋರು ಮೂರರಿಂದ ನಾಲ್ಕರೊಳಗೆ ಹಾಜರಾಗಿ ಪುಸ್ತಕದಲ್ಲಿ ಸಹಿ ಮಾಡ್ಲಿ. ಅರ್ಧದಷ್ಟು ಜನ ಮಾಡಿದ್ರೂ ಸಾಕು, ಘಟಕ ಎತ್ತಿಸ್ತೀನಿ.”

ಗೆರೆಯಕ್ಕನಿಗೆ ಹೋದ ಜೀವ ಬಂದಂತಾಯಿತು. ಮೂವತ್ತೆರಡು ಸಹಿ, ಅದೇನು ಮಹಾ! ಅಂದು ಸಂಜೆಯಿಂದಲೇ ಮನೆಮನೆಯ ಬಾಗಿಲು ತಟ್ಟಿದಳು. ಆಗ ಗೊತ್ತಾದದ್ದು, ಆ ಬೀದಿ ಸಹಿ ಹಾಕುವುದನ್ನೇ ಬಿಟ್ಟುಬಿಟ್ಟಿತ್ತು. ಅಂಚೆಯವನು ತಂದ ಪಾರ್ಸೆಲ್ಲುಗಳು ಹಾಗೇ ವಾಪಸಾಗಿದ್ದವು. ಮಕ್ಕಳ ಅಂಕಪಟ್ಟಿಗೆ ಅಪ್ಪಅಮ್ಮ ಸಹಿ ಮಾಡದೆ ಶಾಲೆಯವರು ತಲೆ ಚಚ್ಚಿಕೊಂಡಿದ್ದರು.

“ಬರ್ತೀವಿ, ಇಡೀ ಬೀದಿನೇ ಬರ್ತೀವಿ” ಎಂದ ಮೂಲೆಮನೆಯ ದರ್ಜಿ. “ಬಾಯ್ತುಂಬಾ ಹೇಳ್ತೀವಿ. ಸಹಿ ಮಾತ್ರ ಕೇಳ್ಬೇಡ. ಒಂದು ಸಲ ಹಾಕಿದ್ದಕ್ಕೆ ಕಸ ಬಂತು. ಇನ್ನೊಂದು ಸಲ ಹಾಕಿದ್ರೆ ಮನೆ ಹೋಗುತ್ತೋ ಏನೋ.”

ತಂಗಿಯ ಅಂಗಡಿಯಲ್ಲಿ ಇಸ್ತ್ರಿ ತಣ್ಣಗಿತ್ತು. ಗುರುವಾರದ ಪುಸ್ತಕದಲ್ಲಿ ಏನು ಬರೆಯುತ್ತಾರೆ ಎಂಬುದನ್ನು ಗೆರೆಯಕ್ಕ ಒಂದೊಂದೇ ಪದವಾಗಿ ಹೇಳಿದಳು.

“ನೀನು ಹೇಳಿದ್ದನ್ನೇ ಬರೀತಾರೆ ಅಂತ ಏನು ಗ್ಯಾರಂಟಿ?”

“ನಾನಿರ್ತೀನಲ್ಲೇ ಅಲ್ಲಿ.”

“ಅವತ್ತೂ ನೀನಿದ್ದೆ.”



ಗುರುವಾರ ಮೂರು ಗಂಟೆಗೆ ಪುರಸಭೆ ಕಚೇರಿಯ ಒಳಗಿನ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೋಲೂರಿಕೊಂಡು ಬಂದವರು, ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದವರು, ಅಂಗಡಿ ಮುಚ್ಚಿ ಬಂದವರು. ಅವರ ಬಟ್ಟೆಬರೆಯಲ್ಲಿ ಆ ನಾತವೂ ಜೊತೆಗೆ ಬಂದಿತ್ತು. ಗುಮಾಸ್ತ ಸುವಾಸನೆಯ ಸ್ಪ್ರೇ ತಂದು ಜನರ ಕಡೆಗೇ ಹಿಡಿದು ಪುಸ್ ಪುಸ್ ಎಂದು ಹೊಡೆದ. ಮನುಷ್ಯರೆಂದರೆ ಜಿರಳೆಗಳೇ? ಥೂ!

ಗೆರೆಯಕ್ಕ ತಾನೇ ಗೆರೆ ಎಳೆದು, ‘ಘಟಕಕ್ಕೆ ನಮ್ಮ ತಕರಾರು ಇದೆ’ ಎಂದು ತಲೆಯಲ್ಲಿ ದಪ್ಪಗೆ ಬರೆದು, ಒಂದಕ್ಷರ ಸೇರಿಸಲು ಜಾಗವಿಲ್ಲದಂತೆ ಮಾಡಿ ಪುಸ್ತಕ ಹಿಡಿದು ಹೊರಗೆ ಬಂದಳು. ಗಟ್ಟಿಯಾಗಿ ಓದಿದಳು. ಜನ ಕೇಳಿದರು, ತಲೆಯನ್ನೂ ಆಡಿಸಿದರು. ಪೆನ್ನು ಮುಂದೆ ಮಾಡಿದ ಕೂಡಲೇ ಕೈಗಳೆಲ್ಲ ಬೆನ್ನ ಹಿಂದೆ ಹೋದವು. ಓಣಿಯ ಆ ತುದಿಯಿಂದ ಈ ತುದಿಗೆ ಎರಡು ಸಲ ಹೋಗಿ ಬಂದಳು. ತಂಗಿಯ ಮುಂದೆ ನಿಂತಾಗ ಅವಳು ಗೋಡೆ ನೋಡಿದಳು.

ದರ್ಜಿ ಬಾಗಿಲಲ್ಲಿ ಇಣುಕಿ ಕೂಗಿದ: “ಸಾರ್, ನಾವೆಲ್ಲ ಬಂದಿದ್ದೀವಿ. ಬೇಡ ಅಂತಿದ್ದೀವಿ. ಬರ್ಕೊಳ್ಳಿ.”

“ಬಾಯಿಮಾತನ್ನ ಫೈಲಿಗೆ ಅಂಟಿಸೋಕಾಗಲ್ಲ” ಎಂದ ಅಧಿಕಾರಿ, ಅಂಗೈ ಉಜ್ಜಿಕೊಳ್ಳುತ್ತ.

“ಅಲ್ಲೇ ನಿಂತಿದ್ದಾರೆ ಸಾರ್, ಎಲ್ಲರೂ!” ಗೆರೆಯಕ್ಕನಿಗೆ ಅಳು ಒತ್ತರಿಸಿ ಬಂತು. “ನಿಮಗೆ ಕಾಣ್ತಿಲ್ವಾ?”

“ಕಾಣ್ತಿದ್ದಾರಮ್ಮಾ. ಕಾಗದದಲ್ಲಿ ಕಾಣ್ತಿಲ್ಲ.”

ನಾಲ್ಕು ಹೊಡೆಯಿತು. ಗುಮಾಸ್ತ ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡು ಹೊಸ ಹಾಳೆ ಮಗುಚಿ ಎರಡೇ ನಿಮಿಷದಲ್ಲಿ ಬರೆದು ಮುಗಿಸಿದ. ಅಧಿಕಾರಿ ಬದಿಯಲ್ಲಿ ಸಹಿ ಹಾಕಿ ಹಿಂಬಾಗಿಲಿನಿಂದ ಕಾರು ಹತ್ತಿದ. ಅಧ್ಯಕ್ಷ ಅವನ ಹಿಂದೆಯೇ ಹೋದ. ಗೆರೆಯಕ್ಕ ಮೇಜು ಹಿಡಿದುಕೊಂಡು ನಿಂತಲ್ಲೇ ಬಿಕ್ಕಿಬಿಕ್ಕಿ ಅತ್ತಳು. ಗಂಡ ಸತ್ತು ಈ ನೌಕರಿಗೆ ಸೇರಿದ ದಿನವೂ ಅವಳು ಕಚೇರಿಯಲ್ಲಿ ಅತ್ತವಳಲ್ಲ.

ಅದನ್ನು ನೋಡಲಾರದೆ ತಂಗಿ ಒಳಗೆ ಬಂದಳು. “ಅಳ್ಬೇಡ, ನಿಲ್ಸು. ಕೊಡಿಲ್ಲಿ ಪೆನ್ನು, ಹಾಕ್ತೀನಿ. ಏನಾದ್ರೂ ಆಗ್ಲಿ, ನಿನಗೋಸ್ಕರ ಹಾಕ್ತೀನಿ.” ಅವಳ ಹಿಂದೆ ದರ್ಜಿ ಬಂದ. ದರ್ಜಿಯ ಹಿಂದೆ ಕೋಲಿನ ಮುದುಕ, ಮುದುಕನ ಹಿಂದೆ ಕೂಸಿನ ತಾಯಿ. ನೋಡನೋಡುತ್ತ ಓಣಿಯೆಲ್ಲ ಸಾಲಾಗಿ ನಿಂತಿತು.

ಇಪ್ಪತ್ತಾರು ವರ್ಷದಲ್ಲಿ ಯಾರಿಗೂ ಎದ್ದು ಕುರ್ಚಿ ಕೊಡದ ಗುಮಾಸ್ತ ತಟ್ಟನೆ ಎದ್ದು ನಿಂತ. ಪುಸ್ತಕವನ್ನು ತಾನೇ ತಿರುಗಿಸಿಟ್ಟ, ತನ್ನ ಜೇಬಿನ ಪೆನ್ನನ್ನೇ ಮುಚ್ಚಳ ತೆಗೆದು ಕೊಟ್ಟ. “ಹಾಕಮ್ಮಾ, ಹಾಕು. ಇಲ್ಲೇ, ಕೆಳಗೆ. ಎಲ್ಲರೂ ಹಾಕಿ, ಒಬ್ಬೊಬ್ಬರೇ ಬನ್ನಿ.” ಮುಖದಲ್ಲಿ ಬೆಣ್ಣೆಯಂಥ ನಗು.

ಗೆರೆಯಕ್ಕ ಕಣ್ಣೊರೆಸಿಕೊಂಡು ಆ ಹಾಳೆ ನೋಡಿದಳು. ಮುಂದೆ ಬಾಗಿ ಅಂಗೈಯನ್ನು ಅದರ ಮೇಲೆ ಚಪ್ಪಟೆಯಾಗಿ ಒತ್ತಿದಳು.

“ಬೇಡ. ಯಾರೂ ಹಾಕ್ಬೇಡಿ.”

“ವಾರದಿಂದ ಹಾಕು ಹಾಕು ಅಂತ ಪ್ರಾಣ ತಿಂದೋಳು ನೀನೇ ಕಣೇ!”

“ಓದು. ಮೊದಲು ಮೇಲೆ ಓದು.”

ತಂಗಿ ಬಾಗಿ ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದಿದಳು. “‘ಇಂದಿನ ವಿಚಾರಣೆಗೆ ತಕರಾರುದಾರರು ಯಾರೂ ಹಾಜರಾಗಿರುವುದಿಲ್ಲ. ಘಟಕ ಮುಂದುವರಿಸಲು ಸರ್ವರ ಒಪ್ಪಿಗೆ ಇರುತ್ತದೆ.’”

ಸಾಲಿನಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೋಲಿನ ಮುದುಕ ನೆಲಕ್ಕೆ ಉಗಿದ. ತಂಗಿ ಪೆನ್ನನ್ನು ಮೇಜಿನ ಮೇಲೆ ಎಸೆದಳು. ಗುಮಾಸ್ತ ಅದನ್ನು ಎತ್ತಿ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡು, “ನಾಳೆಯಿಂದ ಎರಡು ಲಾರಿ ಜಾಸ್ತಿ ಬರುತ್ತೆ. ದಾರಿಗೆ ಅಡ್ಡ ಏನೂ ಇಡಬೇಡಿ” ಎಂದ. ಜನ ಹೊರಗೆ ನಡೆದರು. ಗೆರೆಯಕ್ಕನ ಅಂಗೈ ಹಾಳೆಯ ಮೇಲೆಯೇ ಇತ್ತು. ಗುಮಾಸ್ತ ಎಳೆದು ನೋಡಿದ, ಪುಸ್ತಕ ಅಲ್ಲಾಡಲಿಲ್ಲ.

ತಂಗಿ ಅವಳ ಮೊಣಕೈ ಹಿಡಿದಳು.

“ಇನ್ನು ಕೈ ತೆಗಿ ಅಕ್ಕಾ. ಎಲ್ಲರೂ ಹೋದ್ರು.”