ಬಸವನನ್ನು ಮಾತಾಡಿಸಿದ ಅಮಾವಾಸ್ಯೆ

ಶಿವಪುತ್ರಪ್ಪನಿಗೆ ಅದು ಲಾರಿಯಲ್ಲ, ಬಸವ. ವಿಜಯಪುರದ ಕಡೆಯಿಂದ ಮುಂಬೈಗೆ ಬಂದು, ಮಂದಿಯ ಗಾಡಿಗಳಲ್ಲಿ ಕ್ಲೀನರ್ ಆಗಿ, ಡ್ರೈವರ್ ಆಗಿ, ತಲೆ ಬೆಳ್ಳಗಾಗುವ ಹೊತ್ತಿಗೆ ಹಳೇದಾದರೂ ಸ್ವಂತದ್ದೊಂದು ಲಾರಿ ಮಾಡಿಕೊಂಡ ಮನುಷ್ಯ. ಚೆಂಬೂರಿನ ರಿಫೈನರಿ ಕಡೆಯಿಂದ ಎಣ್ಣೆಯ ಡ್ರಮ್ಮು ಹೇರಿಕೊಂಡು ಊರೂರು ಸುತ್ತುವುದು ಅವನ ದುಡಿಮೆ. ಗಾಡಿಯ ಹಣೆಯ ಮೇಲೆ ಹಳದಿ ಅಕ್ಷರದಲ್ಲಿ ‘ಬಸವಣ್ಣ’ ಅಂತ ಬರೆಸಿದ್ದ. ಅವನಿಗೆ ಮಾತು ಬಹಳ ಕಡಿಮೆ. ಮನೆಯಲ್ಲಿ ಆಡುವುದಕ್ಕಿಂತ ಜಾಸ್ತಿ ಮಾತನ್ನು ಅವನು ಘಾಟಿನಲ್ಲಿ ಗೇರ್ ಬದಲಿಸುವಾಗ ಬಸವನ ಹತ್ತಿರ ಆಡುತ್ತಾನೆ ಅಂತ ಹೆಂಡತಿ ಚಂದ್ರವ್ವನ ತಕರಾರು.

ಆ ಬಸವ ಈಗ ಗ್ಯಾರೇಜಿನ ಮೂಲೆಯಲ್ಲಿ ಎಂಜಿನ್ ಬಿಚ್ಚಿಸಿಕೊಂಡು ನಿಂತಿತ್ತು. ಶಿವಪುತ್ರಪ್ಪ ದಿನಾ ಬೆಳಿಗ್ಗೆ ಹೋಗಿ ಅದರ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಯಾರಾದರೂ ಚಹಾ ಕೊಟ್ಟರೆ ಕುಡಿಯುತ್ತಿದ್ದ, ಕೊಡದಿದ್ದರೆ ಇಲ್ಲ. ಸಿಟ್ಟಿಲ್ಲ, ಅಳುವಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಆಗಿತ್ತು ಅವನ ಮನಸ್ಸು. ಚಿವುಟಿದರೂ ಗೊತ್ತಾಗುವಂತಿರಲಿಲ್ಲ.

ಆದದ್ದು ಇಷ್ಟು. ಮುಂಗಾರಿನ ಮೊದಲ ದೊಡ್ಡ ಮಳೆಗೆ ರಸ್ತೆ ಬದಿ ನಿಲ್ಲಿಸಿದ್ದ ಗಾಡಿ ಹೆಡ್‌ಲೈಟಿನವರೆಗೂ ಮುಳುಗಿತ್ತು. ಬೆಳಗಾಗುವಷ್ಟರಲ್ಲಿ ನೀರು ಇಳಿದು ಬಾಗಿಲ ಮೇಲೆ ಕೆಸರಿನ ಗೆರೆಯೊಂದು ಉಳಿದಿತ್ತು. ದುರದೃಷ್ಟ ನೋಡಿ, ಅವತ್ತೇ ಮಣ್ಣೆತ್ತಿನ ಅಮಾವಾಸ್ಯೆ. ಊರಲ್ಲಾದರೆ ಕೊಟ್ಟಿಗೆಯ ಎತ್ತಿಗೂ ಮಣ್ಣಿನ ಎತ್ತಿಗೂ ಪೂಜೆ. ಮುಂಬೈಯಲ್ಲಿ ಕೊಟ್ಟಿಗೆ ಎಲ್ಲಿಂದ ತರಬೇಕು? ಅದಕ್ಕೇ ಚಂದ್ರವ್ವ ವರ್ಷಾವರ್ಷ ಊರಿನಿಂದ ತರಿಸಿದ ಎರೆಮಣ್ಣಿನಲ್ಲಿ ಜೋಡೆತ್ತು ಮಾಡಿ, ಗಾಡಿಯ ಗಾಜಿನ ಮುಂದೆ ಕೂರಿಸಿ, ಹೋಳಿಗೆ ಎಡೆ ಇಟ್ಟು ಆರತಿ ಬೆಳಗುತ್ತಿದ್ದಳು. ಅವತ್ತು ಗಾಡಿ ಹೂಡುವಂತಿಲ್ಲ, ಚಕ್ರ ಉರುಳುವಂತಿಲ್ಲ. ಆದರೆ ಆರತಿ ಆದಮೇಲೆ ಎಂಜಿನ್ ಒಮ್ಮೆ ಶುರು ಮಾಡಿ ಬಸವನನ್ನು ಮಾತಾಡಿಸಲೇಬೇಕು. ಮಾತಾಡದಿದ್ದರೆ ಬಸವ ಮುನಿಸಿಕೊಂಡಿದ್ದಾನೆ ಅಂತ ಅವರ ಮನೆಯ ನಂಬಿಕೆ.

ಈ ಸಲ ಮಳೆಯಲ್ಲಿ ಮುಳುಗಿದರೂ ಬಸವ ಗಟ್ಟಿಯಾಗಿ ನಿಂತಿದ್ದಾನಲ್ಲ ಅಂತ ಆಕೆಗೆ ಖುಷಿಯೋ ಖುಷಿ. ಎಂದಿಗಿಂತ ದೊಡ್ಡ ಕಾಯಿ ಒಡೆದಳು. ಶಿವಪುತ್ರಪ್ಪ ಕ್ಯಾಬಿನ್ ಹತ್ತಿ ಕೀಲಿ ತಿರುವಿದ. ‘ಗರ್ರ್’ ಅಂತ ಅರ್ಧ ಸುತ್ತು ತಿರುಗಿ, ‘ಠಕ್’ ಅಂತು. ಮುಗಿಯಿತು. ಎಂಜಿನ್ ಒಳಗೆ ಹೊಕ್ಕಿದ್ದ ನೀರಿಗೆ ಪಿಸ್ಟನ್ ಡಿಕ್ಕಿ ಹೊಡೆದು, ಕಬ್ಬಿಣದ ರಾಡು ಬಾಗಿ, ಬ್ಲಾಕು ಸೀಳಿತ್ತು.

ಇನ್ಶೂರೆನ್ಸ್ ಕ್ಲೇಮಿನ ಕಾಗದಪತ್ರವನ್ನೆಲ್ಲ ಮಗಳು ಸೌಮ್ಯಾ ನೋಡಿಕೊಂಡಳು. ವಿಲೆ ಪಾರ್ಲೆಯ ಕಾರ್ಗೋ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ, ಚುರುಕು. ನೀರು ಎಷ್ಟು ಎತ್ತರ ಬಂದಿತ್ತು ಅನ್ನುವುದಕ್ಕೆ ಸಾಕ್ಷಿ ಬೇಕು ಅಂದರು ಕಂಪನಿಯವರು. ಸೌಮ್ಯಾ ಹಿಂದೆಮುಂದೆ ನೋಡದೆ ತಾನೇ ತೆಗೆದಿದ್ದ ಪೂಜೆಯ ವಿಡಿಯೋ ಕಳಿಸಿಬಿಟ್ಟಳು.

“ಪಪ್ಪಾ, ಇದ್ರಲ್ಲಿ ನೀರಿನ ನಿಶಾನ್ ಏಕ್‌ದಮ್ ಕ್ಲಿಯರ್ ಇದೆ,” ಅಂದಳು.

ಕೆಸರಿನ ಗೆರೆಯ ನಿಶಾನ್ ಕ್ಲಿಯರ್ ಇತ್ತು, ನಿಜ. ಅದರ ಹಿಂದೆಯೇ ಗರ್ರ್, ಠಕ್ ಕೂಡ ಅಷ್ಟೇ ಕ್ಲಿಯರ್ ಇತ್ತು! ನೀರು ಹೊಕ್ಕ ಎಂಜಿನ್ನನ್ನು ನೀವೇ ಶುರು ಮಾಡಿ ಕೆಡಿಸಿಕೊಂಡಿದ್ದೀರಿ, ಇದು ಮಳೆಯ ಹಾನಿಯಲ್ಲ ಅಂತ ಕಂಪನಿ ಕೈ ತೊಳೆದುಕೊಂಡಿತು. ತನ್ನ ಕೈಯಾರೆ ಅಪ್ಪನ ಹೊಟ್ಟೆಗೆ ಹೊಡೆದೆ ಅಂತ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಶಿವಪುತ್ರಪ್ಪ ಅವಳ ತಲೆ ಸವರಿ ಮತ್ತೆ ಗ್ಯಾರೇಜಿಗೆ ಹೋಗಿ ಕೂತ.

ಪಾಲಿಸಿ ಮಾಡಿಸಿದ್ದ ಏಜೆಂಟ್ ಧನರಾಜ್ ಉಡುಪಿ ಕಡೆಯವನು, ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಮುಂಬೈಯ ಫೋರ್ಟ್ ಕಡೆ ಇಂಥ ತಕರಾರು ಕೇಳುವ ಕಚೇರಿಗೆ ಅರ್ಜಿ ಹಾಕಿಸಿದ. ವಿಚಾರಣೆಯ ದಿನ ಕಚೇರಿಯ ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು ಪಾಠ ಹೇಳಿಕೊಟ್ಟ.

“ನೋಡಿ ಮಾರಾಯ್ರೇ, ಸ್ಟಾರ್ಟ್ ಮಾಡಿದ್ದು ಹೌದು ಅನ್ನಿ. ಆದ್ರೆ ಒಳಗೆ ನೀರು ಹೋಗಿದ್ದು ಗೊತ್ತಿರ್ಲಿಲ್ಲ ಅನ್ನಿ. ಗೊತ್ತಿಲ್ದೆ ಮಾಡಿದ್ರೆ ಚಾನ್ಸ್ ಉಂಟು. ಗೊತ್ತಿದ್ದೂ ಮಾಡಿದ್ದು ಅಂತಾದ್ರೆ ಮುಗೀತು ಕತೆ. ಒಂದೇ ಮಾತು, ಗೊತ್ತಿರ್ಲಿಲ್ಲ!”

ಶಿವಪುತ್ರಪ್ಪ ತಲೆಯಾಡಿಸಿದ. ಆ ಒಂದು ಮಾತು ಆಡಿದರೆ ಬಸವನಿಗೆ ಹೊಸ ಎಂಜಿನ್, ಇಲ್ಲವಾದರೆ ಗುಜರಿ. ಈ ವಯಸ್ಸಿನಲ್ಲಿ ಮತ್ತೆ ಮಂದಿಯ ಗಾಡಿ ಓಡಿಸಬೇಕು. ಅದೆಲ್ಲ ಅವನಿಗೆ ತಿಳಿದಿತ್ತು. ತಿಳಿದಿತ್ತು ಅಷ್ಟೇ, ಒಳಗೆ ಏನೂ ಅಲ್ಲಾಡಲಿಲ್ಲ. ಪಕ್ಕದಲ್ಲಿ ಚಂದ್ರವ್ವ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು.

ಕಚೇರಿಯ ಸಾಹೇಬರು ಕೆಟ್ಟವರೇನಲ್ಲ. ಇಬ್ಬರನ್ನೂ ಕೂರಿಸಿ, ನೀರು ಕೊಡಿಸಿದರು. ಕಂಪನಿಯ ಕಡೆಯವನು ವಿಡಿಯೋ ಹಾಕಿದ. ಶಿವಪುತ್ರಪ್ಪ ಅದನ್ನು ಅವತ್ತಿನವರೆಗೂ ನೋಡಿರಲಿಲ್ಲ. ಗಾಡಿಯ ಹಣೆಗೆ ಅರಿಶಿನದ ಭಂಡಾರ, ಕುಂಕುಮ, ಚೆಂಡುಹೂವು. ಒದ್ದೆ ರಸ್ತೆಯಲ್ಲಿ ಹಸಿರು ಇಳಕಲ್ ಸೀರೆಯ ಚಂದ್ರವ್ವ, ಕೈಯಲ್ಲಿ ಆರತಿ. ಆಮೇಲೆ ಆಕೆಯ ದನಿ ಕೇಳಿತು, ಹುಡುಗಿಯ ದನಿಯಷ್ಟು ಸಡಗರ ಅದರಲ್ಲಿ.

“ಒಮ್ಮೆ ಮಾತಾಡಸ್ರೀ ನಮ್ಮ ಬಸವನ್ನ! ಇಡೀ ರಾತ್ರಿ ನೀರಾಗ ನಿಂತಾನ, ಪಾಪ!”

ಗರ್ರ್. ಠಕ್. ಏನೂ ತಿಳಿಯದ ಚಂದ್ರವ್ವ ಆ ಸದ್ದಿಗೂ ಕೈ ಮುಗಿದಳು. ಅಲ್ಲಿಗೆ ವಿಡಿಯೋ ನಿಂತಿತು.

ಸಾಹೇಬರು ಬೇಸರದಲ್ಲಿ ತಲೆಯಾಡಿಸಿ, “ಅಂದರೆ ಹೆಂಗಸರ ಮೂಢನಂಬಿಕೆಗೆ ಒಂದು ಎಂಜಿನ್ ಹೋಯಿತು,” ಅಂದರು ಹಿಂದಿಯಲ್ಲಿ. ಚಂದ್ರವ್ವನಿಗೆ ಅಷ್ಟು ಹಿಂದಿ ಬರುತ್ತಿತ್ತು. ಆಕೆಯ ತಲೆ ಕೆಳಗಾಯಿತು. ಸಾಹೇಬರು ಶಿವಪುತ್ರಪ್ಪನ ಕಡೆ ತಿರುಗಿ, “ಒಳಗೆ ನೀರಿದೆ ಅಂತ ನಿಮಗೆ ಗೊತ್ತಿರಲಿಲ್ಲ, ಅಲ್ಲವೇ?” ಅಂತ ಮೆತ್ತಗೆ ಕೇಳಿದರು. ಹೌದು ಅಂದರೆ ಬರೆದುಕೊಳ್ಳಲು ತಯಾರಾಗಿಯೇ ಇದ್ದರು.

ಧನರಾಜ್ ಹಿಂದಿನಿಂದ ಕೆಮ್ಮಿದ. ಶಿವಪುತ್ರಪ್ಪ ಚಂದ್ರವ್ವನ ಬಗ್ಗಿದ ಕತ್ತನ್ನೇ ನೋಡುತ್ತಿದ್ದ.

“ಆಕೀಗೆ ಗೊತ್ತಿರಲಿಲ್ರಿ ಸಾಹೇಬ,” ಅಂದ, ಕನ್ನಡದಲ್ಲೇ ಬಾಯಿಗೆ ಬಂತು. ಆಮೇಲೆ ಹಿಂದಿಯಲ್ಲಿ ಹೇಳಿದ. “ನನಗೆ ಗೊತ್ತಿತ್ತು. ಇಷ್ಟು ವರ್ಷದ ಡ್ರೈವರ್ ನಾನು, ಮುಳುಗಿದ ಗಾಡಿಗೆ ಕೀಲಿ ಹಾಕಬಾರದು ಅಂತ ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದೇ ತಿರುವಿದೆ. ಆಕೆಯ ಹೆಸರಲ್ಲಿ ಬರೆಯಬೇಡಿ.”

ಹಗಲು ಕಂಡ ಬಾವಿಗೆ ಇರುಳು ಬಿದ್ದರು ಅನ್ನುತ್ತಾರೆ. ಈ ಮಹಾರಾಯ ಹಗಲು ಕಂಡ ಬಾವಿಗೆ ಹಗಲೇ ಬಿದ್ದಿದ್ದ. ಸಾಹೇಬರು ಪೆನ್ನಿನ ಕ್ಯಾಪು ಮುಚ್ಚಿ, ಹಾಗಾದರೆ ನನ್ನ ಕೈಯಲ್ಲೇನೂ ಇಲ್ಲ ಅಂದರು. ಧನರಾಜ್ ಹಣೆ ಚಚ್ಚಿಕೊಂಡು ಹೊರಗೆ ಹೋದ.

ಮಧ್ಯಾಹ್ನದ ಲೋಕಲ್ ರೈಲಿನಲ್ಲಿ ಗದ್ದಲವಿರಲಿಲ್ಲ. ಗಂಡ ಹೆಂಡತಿ ಪಕ್ಕಪಕ್ಕ ಕೂತರು. ರೈಲು ಶಿವಡಿ ದಾಟಿತು. ಇಷ್ಟು ದಿನ ಆಕೆ ತಾನು ಮಾತಾಡಸ್ರೀ ಅಂದದ್ದಕ್ಕೇ ಹೀಗಾಯಿತು ಅಂತ ಒಳಗೊಳಗೇ ಬೇಯುತ್ತಿದ್ದಳು. ಅವನಿಗೂ ತಿಳಿಯದೆ ಆದದ್ದು ಅನ್ನುವುದೊಂದೇ ಆಕೆಗಿದ್ದ ಸಮಾಧಾನ.

“ಗೊತ್ತಿತ್ತು ಅಂದ್ರಲ್ಲ, ಖರೇನ?” ಅಂತ ಕೇಳಿದಳು.

“ಖರೇ.”

“ಗೊತ್ತಿದ್ದೂ ಯಾಕ ತಿರುವಿದ್ರಿ?”

ಶಿವಪುತ್ರಪ್ಪ ಕಿಟಕಿಯಾಚೆ ನೋಡಿದ. “ನೀ ಆರತಿ ಹಿಡ್ಕೊಂಡು ನಿಂತಿದ್ದಿ. ಮುಂಜಾನಿಂದ ಉಪವಾಸ ಬ್ಯಾರೆ. ಅಷ್ಟು ಖುಷೀಲೆ ನಿಂತಾಕೀಗೆ ಬ್ಯಾಡ ಅನ್ನೂದು ಹೆಂಗ? ಆದರ ಆಗಲಿ, ಒಂದ್ ಸುತ್ತಿಗೆ ಏನಾಗತೈತಿ ಅಂದ್ಕೊಂಡೆ.”

“ಬ್ಯಾಡ ಅನ್ನಬೇಕಿತ್ರಿ.”

“ಅಂದಿದ್ರ ಕೇಳತಿದ್ದ್ಯೇನ?”

“ಕೇಳತಿದ್ದೆ,” ಅಂದಳು ಚಂದ್ರವ್ವ. “ನೀವು ಹೇಳಿದ್ದು ಯಾವತ್ತ ಕೇಳಿಲ್ಲ ನಾ? ನೀವು ಹೇಳೂದ ಇಲ್ಲಲ್ರೀ ಏನೂ!”

ಜೋಮು ಬಿಡುವಾಗಲೇ ನೋವು ಗೊತ್ತಾಗುವುದು. ಡಬ್ಬಿಯ ಮಂದಿಯ ಎದುರೇ ಶಿವಪುತ್ರಪ್ಪ ಮುಖ ಮುಚ್ಚಿಕೊಂಡು ಅತ್ತ. ಇಳಿಯಬೇಕಾದ ಚೆಂಬೂರು ಬಂತು, ಹೋಯಿತು. ಇಬ್ಬರೂ ಏಳಲಿಲ್ಲ.