ಎಲೆ ತುದಿಯ ಉಪ್ಪು

ಹುಣಸೆ ಚಿಗುರನ್ನು ಎರಡು ಅಂಗೈ ನಡುವೆ ಇಟ್ಟು ಉಜ್ಜಿದರೆ, ಬಿಸಿಲಿಗೆ ಕಾದ ಬಂಡೆಯ ಮೇಲೆ ಮಜ್ಜಿಗೆ ಚೆಲ್ಲಿದಂಥ ಒಂದು ವಾಸನೆ ಬರುತ್ತದೆ. ಈ ಸಲ ಯುಗಾದಿಗೆ ಎರಡು ದಿನ ಇರುವಾಗ ಹಿರಿಯೂರು ಸಂತೆಯಲ್ಲಿ ಒಬ್ಬಾಕೆ ಗೋಣಿಚೀಲದ ಮೇಲೆ ಚಿಗುರು ರಾಶಿ ಹಾಕಿಕೊಂಡು ಕೂತಿದ್ದಳು. ಒಂದು ಹಿಡಿ ತೆಗೆದು ಉಜ್ಜಿ ಮೂಗಿಗೆ ಹಿಡಿದೆ. "ಬೇಕಾದ್ರೆ ತಗಳ್ರಿ ಮೇಡಂ, ಸುಮ್ನೆ ಬಾಡಿಸ್ಬ್ಯಾಡ್ರಿ" ಅಂದಳು. ರಾಶಿಯಲ್ಲಿ ಅರ್ಧ ತಗೊಂಡೆ. ಅಷ್ಟು ಚಿಗುರು ನಮ್ಮ ಮನೆಗೆ ಬೇಕಿರಲಿಲ್ಲ.

ನಾನು ಚಿಕ್ಕವಳಿದ್ದಾಗ ತಾಳ್ಯದ ಹತ್ತಿರ ನಮ್ಮದು ಮಣ್ಣಿನ ಮಾಳಿಗೆ ಮನೆ. ಹಿತ್ತಿಲಲ್ಲಿ ಕುರಿಹಟ್ಟಿ, ಅದರ ಬೇಲಿಗೆ ಒರಗಿದಂತೆ ಒಂದು ಹುಣಸೆಮರ. ಯುಗಾದಿ ಹೊತ್ತಿಗೆ ಅದರ ಕೊಂಬೆಗಳ ತುದಿಯೆಲ್ಲ ತಿಳಿಗೆಂಪು ಚಿಗುರು. ಬೇರೆ ದಿನಗಳಲ್ಲಿ ಅವ್ವ ಅಡಿಗೆ ಮಾಡುತ್ತಿದ್ದಳು. ಯುಗಾದಿಯ ಚಿಗುರು ಸಾರು ಮಾತ್ರ ನಮ್ಮಪ್ಪನ ತಾಯಿ ತಿಪ್ಪಮ್ಮಜ್ಜಿಯದು. ತೊಗರಿಬೇಳೆ ನುಣ್ಣಗೆ ಬೇಯಬೇಕು, ಒಣಮೆಣಸಿನಕಾಯಿ ಬೆಳ್ಳುಳ್ಳಿ ಒರಳಲ್ಲಿ ಕುಟ್ಟಿಯೇ ಹಾಕಬೇಕು, ಚಿಗುರನ್ನು ಎಣ್ಣೆಯಲ್ಲಿ ಬಾಡಿಸಿ ಬೆರೆಸಬೇಕು, ಕೊನೆಗೆ ಹುರಿದ ಹುಚ್ಚೆಳ್ಳಿನ ಪುಡಿ. ಮನೆದೇವರಿಗೆ ಎಡೆ ಇಡುವ ತನಕ ಅದನ್ನು ಯಾರೂ ನಾಲಿಗೆಗೆ ಹಚ್ಚುವಂತಿರಲಿಲ್ಲ, ಮಾಡಿದವಳು ಕೂಡ. ಹಾಗಾದರೆ ಉಪ್ಪು ಹೇಗೆ ತಿಳಿಯಬೇಕು? ಅಜ್ಜಿ ಗಡಿಗೆಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಹಬೆಗೆ ಮುಖ ಒಡ್ಡುತ್ತಿದ್ದಳು. "ಇನ್ನೊಂದು ಚಿಟಿಕಿ ಕೇಳ್ತೈತೆ" ಅನ್ನುವಳು. ಹಾಕುವಳು. ಮತ್ತೆ ಮೂಸಿ "ಹೂಂ, ಸಾಕಂತೆ" ಅನ್ನುವಳು. ನಾನು ಕಂಡಂತೆ ಆ ಮೂಗು ಒಂದು ವರ್ಷವೂ ತಪ್ಪಿರಲಿಲ್ಲ.

ನನಗೆ ಒಲೆಯ ಹತ್ತಿರ ಜಾಗ ಇರಲಿಲ್ಲ. ಚಿಗುರು ಉಜ್ಜಿ ಕಡ್ಡಿ ಬಿಡಿಸಿ ಕೊಡುವುದಷ್ಟೇ ನನ್ನ ಕೆಲಸ. ಸೌಟು ಹಿಡಿಯಲು ಹೋದರೆ ಅಜ್ಜಿ ಕೈ ಮೇಲೆ ಹೊಡೆಯುತ್ತಿದ್ದಳು. "ನಾನು ಮೂಗ್ನಾಗೆ ಕಲ್ತೆ. ನೀನು ಕಣ್ಣಾಗೆ ಕಲಿ, ಹೋಗು ಓದ್ಕ." ಏಳನೇ ಕ್ಲಾಸು ಮುಗಿದಾಗ ನನ್ನನ್ನು ಬಿಡಿಸಿ ಕುರಿ ಹಿಂದೆ ಕಳಿಸಬೇಕು ಅಂತ ಅಪ್ಪ ಅಂದಾಗ, ಎರಡು ದಿನ ಉಣ್ಣದೆ ಕೂತು ನನ್ನನ್ನು ದುರ್ಗದ ಹಾಸ್ಟೆಲಿಗೆ ಸೇರಿಸಿದವಳು ಅವಳೇ. ನಮ್ಮ ವಂಶದಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಅದರ ಹೆಮ್ಮೆ ನನಗೆ ಈಗಲೂ ಇದೆ, ಮುಚ್ಚಿಡುವುದಿಲ್ಲ. ಆ ಹೆಮ್ಮೆಯೇ ಒಂದು ದಿನ ಬಾಯಿಗೆ ಬಂದು ಕೂತಿತು.

ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ, ಹೀಗೆ ಪರೀಕ್ಷೆಗಳ ದೆಸೆಯಿಂದ ಮೂರು ವರ್ಷ ಯುಗಾದಿಗೆ ಮನೆಗೆ ಬಂದಿರಲಿಲ್ಲ. ಡಿಗ್ರಿಯ ಮೊದಲ ವರ್ಷ ಬಂದೆ. ಹೊಸದುರ್ಗದಿಂದ ಅತ್ತೆ, ಮಾವ ಬಂದಿದ್ದರು. ಪಡಸಾಲೆಯಲ್ಲಿ ಮುತ್ತುಗದ ಎಲೆ ಹಾಕಿ ಎಲ್ಲರೂ ಕೂತೆವು. ಅವ್ವ ಎಲೆ ತುದಿಗೆ ಉಪ್ಪು ಬಡಿಸುತ್ತ ಬಂದಳು. ಚಿಟಿಕೆ ಇರುತ್ತಿದ್ದ ಜಾಗದಲ್ಲಿ ಸಣ್ಣ ಗುಡ್ಡೆಯೇ ಇತ್ತು. ನಾನು ಗಮನಿಸಿದೆ, ಯೋಚಿಸಲಿಲ್ಲ. ಹೋಳಿಗೆ ಆಯಿತು. ಅಜ್ಜಿ ತಾನೇ ಸಾರು ಬಡಿಸಿದಳು. ಮಾವ ಕಲಸಿಕೊಂಡು ಉಂಡು, "ಅತ್ತೀ, ಈ ಸಾರಿಗೆ ಅಂತಲೇ ನಿಮ್ ಮಗಳ್ನ ಮಾಡ್ಕಂಡಿದ್ದು, ಇಲ್ದಿದ್ರೆ ಈಕೀನ ಯಾರು ಮಾಡ್ಕಂತಿದ್ರು" ಅಂದರು. ಅತ್ತೆ ಮೊಣಕೈಯಿಂದ ತಿವಿದಳು. ಮೂರನೇ ಕ್ಲಾಸಿನ ನನ್ನ ತಮ್ಮ, "ಅಜ್ಜಿ, ಇನ್ನೊಂದು ಸೌಟು ಹಾಕು" ಅಂತ ಎಲೆ ಮುಂದೆ ತಳ್ಳಿದ. ನಾನು ಒಂದು ತುತ್ತು ಬಾಯಿಗಿಟ್ಟೆ. ಉಪ್ಪೇ ಇರಲಿಲ್ಲ.

"ಅಜ್ಜಿ, ಉಪ್ಪೇ ಹಾಕಿಲ್ವಲ್ಲೇ!" ಅಂದೆ. ಅಲ್ಲಿಗೆ ನಿಲ್ಲಿಸಲಿಲ್ಲ. "ಇನ್ನ ಈ ಮೂಗಿನ ಲೆಕ್ಕ ಬಿಡು. ನಾಲಿಗೆಗೆ ಹಚ್ಚಿ ನೋಡು, ದೇವ್ರೇನು ಬೈಯಲ್ಲ."

ಅಪ್ಪ ಎಲೆಯಿಂದ ತಲೆ ಎತ್ತಲಿಲ್ಲ. ಸೌಟು ಹಿಡಿದು ಬಗ್ಗಿದ್ದ ಅಜ್ಜಿ ನೆಟ್ಟಗಾದಳು. ಆಮೇಲೆ ಒಬ್ಬೊಬ್ಬರ ಎಲೆಯನ್ನೂ ನೋಡುತ್ತ ಹೋದಳು. ಮಾವನ ಎಲೆ ತುದಿಯ ಉಪ್ಪು ಕರಗಿತ್ತು. ಅಪ್ಪನದು ಅರ್ಧ ಆಗಿತ್ತು. ತಮ್ಮನ ಎಲೆಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಅವಳಿಗೆ ಎಲ್ಲವೂ ತಿಳಿದದ್ದು ಆಗ.

ಪಾತ್ರೆ ತೊಳೆಯುವಾಗ ಅವ್ವ ನನ್ನ ಮುಖ ನೋಡದೆ ಹೇಳಿದಳು. "ಆಯಮ್ಮನ ಮೂಗು ಹೋಗಿ ಮೂರು ವರ್ಷ ಆತು. ಉಪ್ಪು ಕೈ ಲೆಕ್ಕದಾಗೆ ಹಾಕ್ತಾಳೆ, ಒಂದೊಂದು ಸಲ ಹಾಕೋದೇ ಮರೀತಾಳೆ. ನಾವೆಲ್ಲ ಎಲೆ ಮ್ಯಾಗಿನ ಉಪ್ಪಿನಾಗೇ ಹಬ್ಬ ಮಾಡಿದ್ವಿ. ಆಯಮ್ಮ ಉಣ್ಣಾಕೆ ಕೂರೋ ಹೊತ್ತಿಗೆ ನಾನೇ ಗಡಿಗೆಗೆ ಉಪ್ಪು ಬೆರೆಸ್ತಿದ್ದೆ. ಮೂರನೇ ಕ್ಲಾಸಿನ ಹುಡುಗನಿಗೆ ತಿಳಿದಿದ್ದು, ಇಷ್ಟು ಓದಿದ ನಿನಗೆ ತಿಳೀಲಿಲ್ಲಲ್ಲೇ." ಬೂದಿ ಹಾಕಿ ಆ ಗಡಿಗೆಯನ್ನೇ ಉಜ್ಜುತ್ತ ಕೂತೆ.

ಮರುವರ್ಷ ಯುಗಾದಿಗೆ ಬಂದಾಗ ಒಲೆಯ ಮುಂದೆ ಅವ್ವ ಇದ್ದಳು. ಅಜ್ಜಿ ಬಾಗಿಲ ಹತ್ತಿರ, ನಾನು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ, ಮೊರ ಇಟ್ಟುಕೊಂಡು ಚಿಗುರು ಉಜ್ಜುತ್ತಿದ್ದಳು. ಉಜ್ಜಿದ ಅಂಗೈಯನ್ನು ಆಗಾಗ ಮೂಗಿನ ಹತ್ತಿರ ತರುತ್ತಿದ್ದಳು, ಇಳಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಅಜ್ಜಿ, ಏಳು, ಸಾರಿಗೆ ಉಪ್ಪು ನೋಡು ಬಾ" ಅಂತ ಕೈ ಹಿಡಿದು ಎಳೆದೆ.

"ನೀನೇ ನಾಲಿಗಿಗೆ ಹಚ್ಚಿ ನೋಡು ನನ್ನವ್ವ" ಅಂದಳು. "ದೇವ್ರೇನು ಬೈಯಲ್ಲ."

ಸಿಟ್ಟಿನಿಂದ ಅಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಓದಿದ ಮೊಮ್ಮಗಳು ಹೇಳಿದ್ದು ಸರಿಯೇ ಇರಬೇಕು ಅನ್ನುವ ನಂಬಿಕೆಯಿಂದ ಅಂದಳು.

ನನ್ನ ಡಿಗ್ರಿ ಫಲಿತಾಂಶ ಬರುವ ಮೊದಲೇ ಅಜ್ಜಿ ಹೋದಳು. ಅಂಕಪಟ್ಟಿಯನ್ನು ಯಾರಿಗೆ ಮೊದಲು ತೋರಿಸಬೇಕಿತ್ತೋ ಅವಳಿಗೆ ತೋರಿಸಲಿಲ್ಲ. ತೋರಿಸಿದ್ದರೂ ಅವಳಿಗೆ ಓದಲು ಬರುತ್ತಿರಲಿಲ್ಲ, ಮೂಸಿ ನೋಡುತ್ತಿದ್ದಳೇನೋ. ಆಮೇಲೆ ಅಪ್ಪ, ಅವ್ವ ಒಬ್ಬರ ಹಿಂದೆ ಒಬ್ಬರು ಹೋದರು. ಮಾಳಿಗೆ ಮನೆ ಕೆಡವಿದ ಜಾಗದಲ್ಲಿ ತಮ್ಮ ಆರ್‌ಸಿಸಿ ಮನೆ ಕಟ್ಟಿದ. ಗೋಡೆಗೆ ಅಡ್ಡ ಬಂದ ಹುಣಸೆಮರ ತೆಗೆಸಿದ. ಅವನನ್ನು ದೂರುವುದಿಲ್ಲ.

ಹಿರಿಯೂರಿನ ನನ್ನ ಮನೆಯಲ್ಲಿ ಪ್ರತಿ ಯುಗಾದಿಗೂ ಚಿಗುರು ಸಾರು ಮಾಡುತ್ತೇನೆ, ರುಚಿ ನೋಡದೆ. ಕುಕ್ಕರಿನ ಮುಚ್ಚಳ ತೆಗೆದು ಹಬೆಗೆ ಮುಖ ಒಡ್ಡುತ್ತೇನೆ. ಮೂವತ್ತು ಮಕ್ಕಳ ಉತ್ತರ ಪತ್ರಿಕೆ ಒಂದು ಗಳಿಗೆಯಲ್ಲಿ ತಿದ್ದುವ ನನಗೆ ಹಬೆ ಹೇಳುವುದೊಂದೂ ತಿಳಿಯುವುದಿಲ್ಲ. ಒಂದು ವರ್ಷ ಉಪ್ಪುಪ್ಪು, ಒಂದು ವರ್ಷ ಸಪ್ಪೆ. ಎಲೆ ತುದಿಗೆ ಮಾತ್ರ ದೊಡ್ಡ ಗುಡ್ಡೆ ಬಡಿಸುತ್ತೇನೆ.

ಈ ಸಲ ತಮ್ಮ ಬಂದಿದ್ದ. ಕನ್ನಡಕ ಬಂದಿದೆ, ತಲೆ ನರೆತಿದೆ. ಮೊದಲ ತುತ್ತು ನುಂಗಿದ. ಆಮೇಲೆ ಅವನ ಎರಡು ಬೆರಳು ಎಲೆ ತುದಿಗೆ ಹೋದವು. ಉಪ್ಪು ತಗೊಂಡು, ಕಲಸಿ, ಉಂಡು, ಎಲೆಯನ್ನು ಮುಂದೆ ತಳ್ಳಿದ.

"ಅಕ್ಕ, ಇನ್ನೊಂದು ಸೌಟು ಹಾಕು" ಅಂದ.

ಹಾಕಿದೆ.